ಕಾಚಂಪುಳಿಯೂ ಮೈಯಿಳಿಸುವ ಗುಳಿಗೆಯೂ

ಪಾಲಿಬೆಟ್ಟದ ಸುತ್ತಮುತ್ತ ಕಾಚಂಪುಳಿಯನ್ನರಿಯದ ಅಡಿಗೆಮನೆಯು ವಿರಳವೆಂದೇ ಹೇಳಬೇಕು. ಮಳೆಗಾಲದಲ್ಲಿ ಉದುರುವ ಹಣ್ಣುಗಳನ್ನು ಆಯ್ದು, ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಮಂದವಾಗುವ ತನಕ ಕುದಿಸುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಕಲಿಸಬೇಕಾದುದಿಲ್ಲ. ಆದರೆ ಅದೇ ಹಣ್ಣು ಬೇರೊಂದು ವೇಷದಲ್ಲಿಯೂ ಅಂಗಡಿಗಳಿಗೆ ಬಂದಿರುವುದರಿಂದ, ಈ ನಾಲ್ಕು ಮಾತುಗಳನ್ನು ಬರೆಯುವುದು ಕರ್ತವ್ಯವೆಂದೆಣಿಸಿದೆವು.

ಈ ಮರವು ಗಾರ್ಸೀನಿಯ ಎಂಬ ಕುಲಕ್ಕೆ ಸೇರಿದುದು. ಪುನರ್ಪುಳಿಯೂ ಮ್ಯಾಂಗೋಸ್ಟೀನೂ ಇದರ ದಾಯಾದಿಗಳೇ. ಉತ್ತರ ಕನ್ನಡದವರು ಇದನ್ನು ಉಪ್ಪಾಗೆ ಎನ್ನುವರು. ಇದರ ಹುಳಿಗೆ ಮುಖ್ಯ ಕಾರಣವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬವರು 1965ರಲ್ಲಿ ಪ್ರಕಟಿಸಿದರು. ಸಕ್ಕರೆಯು ಕೊಬ್ಬಾಗಿ ಮಾರ್ಪಡಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲವು ತಡೆಯುವುದೆಂದು ಬಳಿಕ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಇಷ್ಟನ್ನೇ ಹಿಡಿದುಕೊಂಡು ವರ್ತಕರು, ಗಾರ್ಸೀನಿಯ ಕಾಂಬೋಜಿಯ ಎಂಬ ಹಳೆಯ ಹೆಸರಿನಲ್ಲಿ, ಮೈಯಿಳಿಸುವ ಗುಳಿಗೆಗಳನ್ನು ಮಾರತೊಡಗಿದರು.

ಫಲವೇನಾಯಿತು? ಅಮೆರಿಕೆಯಲ್ಲಿ 135 ಮಂದಿಯ ಮೇಲೆ 12 ವಾರಗಳ ಪರೀಕ್ಷೆ ನಡೆದು, 1998ರಲ್ಲಿ ವರದಿಯು ಹೊರಬಿದ್ದಿತು. ಹುಸಿಗುಳಿಗೆ ನುಂಗಿದವರಿಗಿಂತ ನಿಜಗುಳಿಗೆ ನುಂಗಿದವರು ಹೆಚ್ಚೇನೂ ಇಳಿಯಲಿಲ್ಲ. ಅಷ್ಟೇ ಅಲ್ಲ, ಇಂಥ ಗುಳಿಗೆಗಳನ್ನು ಸೇವಿಸಿದ ಕೆಲವರಿಗೆ ಯಕೃತ್ತು ಕೆಟ್ಟುದನ್ನೂ, ಅಪರೂಪವಾಗಿ ಯಕೃತ್ತನ್ನೇ ಬದಲಿಸಬೇಕಾಗಿ ಬಂದುದನ್ನೂ ವೈದ್ಯರು ದಾಖಲಿಸಿದ್ದಾರೆ.

ಪಂದಿಕರಿಗೆ ಹಾಕುವ ಒಂದೆರಡು ಚಮಚ ಹುಳಿ ಬೇರೆ. ಹಣ್ಣಿನ ಸಾರವನ್ನು ಸಾಂದ್ರಗೊಳಿಸಿ ದಿನದಿನವೂ ನುಂಗುವುದು ಬೇರೆ. 'ನಮ್ಮ ಊರಿನ ಹಣ್ಣಲ್ಲವೇ, ಏನು ಕೇಡು?' ಎಂಬ ಮಾತು ಇಲ್ಲಿ ಸಲ್ಲದು. ತಾಯಂದಿರಲ್ಲಿ ನಮ್ಮ ಅರಿಕೆಯಿಷ್ಟೆ: ಬೆಳೆಯುವ ಮಗಳು ತನ್ನ ಮೈಯನ್ನು ಕನ್ನಡಿಯಲ್ಲಿ ಕಂಡು ಕೊರಗುವಾಗ, ಆಕೆಯ ಕೈಗೆ ಗುಳಿಗೆಯನ್ನು ಕೊಡಬೇಡಿರಿ, ಪರಿಹಾಸ್ಯವನ್ನೂ ಮಾಡಬೇಡಿರಿ. ನಿಜವಾದ ಕಾಯಿಲೆಯಿದ್ದರೆ ವೈದ್ಯರಿಗೆ ತೋರಿಸಿರಿ. ದೇವರು ಕೊಟ್ಟ ದೇಹವು ನಾಚಿಕೆಗೆ ಕಾರಣವಲ್ಲವೆಂದು ಮನೆಯಲ್ಲಿಯೇ ಆಕೆಗೆ ತಿಳಿಯಲಿ. ಕಾಚಂಪುಳಿಯಾದರೋ, ಹಿಂದಿನಂತೆಯೇ ಅಡಿಗೆಮನೆಯಲ್ಲಿ ಶೋಭಿಸಲಿ.