ಹಿಂದಿನ ಸಾಲಿನ ಮಗು
ಕೊಪ್ಪವಾಗಲಿ ಬೈಲುಕುಪ್ಪೆಯಾಗಲಿ, ಉಪಾಧ್ಯಾಯರು ಕರಿಹಲಗೆಯತ್ತ ಮುಖಮಾಡಿ ಉಕ್ತಲೇಖನ ಹೇಳುವಾಗ ಹಿಂದಿನ ಸಾಲಿನ ಮಗುವೊಂದು ಪಕ್ಕದ ಪುಸ್ತಕವನ್ನು ಇಣುಕುವುದುಂಟು. ಕಳ್ಳತನವೆಂದು ಕಿವಿ ಹಿಂಡುವುದು ಸುಲಭ. ಆ ಕಿವಿಗೆ ಮಾತೇ ಮುಟ್ಟಿಲ್ಲವೆಂದು ಅರಿಯಲು ವ್ಯವಧಾನ ಬೇಕು. ಇದಿರು ನಿಂತು ನುಡಿದಾಗ ಸರಿಯಾಗಿ ಬರೆದು, ಬೆನ್ನು ತಿರುಗಿಸಿದೊಡನೆ ತಪ್ಪುವ ಮಗು ತುಟಿಯ ಚಲನೆಯನ್ನೇ ಓದುತ್ತಿರಬಹುದು. ಅದನ್ನು ಮುಂದಿನ ಸಾಲಿಗೆ ಕರೆತರಲು ಯಾರ ಅಪ್ಪಣೆಯೂ ಬೇಡ. ಶ್ರವಣಪರೀಕ್ಷೆಗಾಗಿ ಬಹುದೂರ ಅಲೆಯಬೇಕಿಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆ ಕಲ್ಪಿಸಬೇಕೆಂಬುದು ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ವಿಧಿ. ಶ್ರವಣಯಂತ್ರ ಧರಿಸಿ ಮರಳಿದ ಮಗುವಿಗೂ ಗದ್ದಲದಲ್ಲಿ ಮಾತು ಕಲಸಿ ಕೇಳುವುದುಂಟು. ಉಪಾಧ್ಯಾಯರ ಮುಖ ಆಗಲೂ ಅದಕ್ಕೆ ಕಾಣುತ್ತಿರಬೇಕು.