ಹಳೆಯ ಮನೆಯ ಹೊಸ ಒಡೆಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹಳೆಯ ಮನೆಯನ್ನು ಕೊಂಡು ನೋಡು ಎಂದು ಹೇಳಲಿಲ್ಲ. ನೂರು ಸಂಸಾರಗಳು ಒಂದೇ ಛಾವಣಿಯನ್ನು ಹಂಚಿಕೊಳ್ಳುವ ಕಾಲವನ್ನು ಅವರು ಊಹಿಸಿರಲಾರರು. ಇಂದು ಜಪಾನಿನ ನಗರಗಳಲ್ಲಿ ಅಂಥ ಹಳೆಯ ಮನೆಯನ್ನು ಕೊಳ್ಳುವವನ ಪಾಡನ್ನು ಯೋಚಿಸಿದಾಗ, ಆ ಗಾದೆಗೆ ಮೂರನೆಯ ಪಾದವೊಂದು ಬೇಕಾಗಿತ್ತೆಂದು ನನಗೆ ತೋರುತ್ತದೆ.

ಕಾಂಕ್ರೀಟಿನ ಬಹುಮಹಡಿ ವಸತಿಗೆ ಜಪಾನೀಯರು 'ಮಾನ್‌ಶೊನ್' ಎನ್ನುತ್ತಾರೆ. ಇಂಗ್ಲಿಷಿನ ಮ್ಯಾನ್ಷನ್ ಶಬ್ದವೇ ಇದು. ಹೆಸರು ಕೇಳಿ ಜಮೀನ್ದಾರರ ಬಂಗಲೆಯನ್ನು ನೆನೆದವರಿಗೆ ಒಳಹೊಕ್ಕಾಗ ಕಾಣುವುದು ಎರಡು ಮೂರು ಕೋಣೆಗಳ ಬಿಡಾರ. ಹೊಸದು ದುಬಾರಿಯಾದುದರಿಂದ ಸಾಮಾನ್ಯ ಸಂಬಳದವನು ಹಳೆಯದನ್ನು ಅರಸುತ್ತಾನೆ. ಅವನು ಮೊದಲು ಕೇಳಬೇಕಾದುದು ಕಟ್ಟಡದ ಜಾತಕ. 1978ರ ಮಿಯಾಗಿ ಭೂಕಂಪದ ತರುವಾಯ ಸರ್ಕಾರವು ಕಟ್ಟಡಗಳ ನಿಯಮವನ್ನು ಬಿಗಿಗೊಳಿಸಿ, 1981ರ ಜೂನ್ 1ರಿಂದ ಜಾರಿಗೆ ತಂದಿತು. ಗಣನೆಗೆ ಬರುವುದು ನಕ್ಷೆಗೆ ಮಂಜೂರಾತಿ ದೊರೆತ ದಿನ. ಆದುದರಿಂದ 1982ರಲ್ಲಿ ಗೃಹಪ್ರವೇಶವಾದ ಕಟ್ಟಡವೂ ಹಳೆಯ ನಿಯಮದ ಕೂಸಾಗಿರಬಹುದು.

ಆದರೆ ಜಾತಕ ಕೂಡಿಬಂದ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲ. ಮಾನ್‌ಶೊನ್ ಕೊಳ್ಳುವಾಗ ಅದರ ಆಡಳಿತವನ್ನು ಕೊಳ್ಳು ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಪ್ರತಿಯೊಬ್ಬ ಒಡೆಯನೂ ತಿಂಗಳು ತಿಂಗಳೂ ಎರಡು ಬಗೆಯ ಹಣ ತೆರಬೇಕು: ನಿತ್ಯದ ನಿರ್ವಹಣೆಗೆ ಒಂದು, ಮುಂದಿನ ದೊಡ್ಡ ದುರಸ್ತಿಗೆ ಕೂಡಿಡಲು ಇನ್ನೊಂದು. ಸುಮಾರು 12ರಿಂದ 15 ವರ್ಷಗಳಿಗೊಮ್ಮೆ ಹೊರಗೋಡೆ, ಛಾವಣಿಗಳ ದುರಸ್ತಿ ಬರುತ್ತದೆ. ಗಿರಾಕಿ ಬೆದರದಿರಲೆಂದು ಹೊಸ ಮನೆ ಮಾರುವವರು ಈ ಎರಡನೆಯ ಮೊತ್ತವನ್ನು ಮೊದಲು ಕಡಮೆಯಿರಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪದ್ಧತಿ ವ್ಯಾಪಕವಾಗಿದೆ. ಮೊದಲು ಬಂದವರು ಅಗ್ಗದಲ್ಲಿ ಬಾಳಿ, ಮಾರಿ ಹೋಗುತ್ತಾರೆ. ಕೊರತೆ ತುಂಬುವ ಭಾರ ಹಿಂದಿನಿಂದ ಬಂದವರದು. ಹಳೆಯ ಒಡೆಯ ಉಳಿಸಿಹೋದ ಬಾಕಿಯನ್ನೂ ಹೊಸಬನಿಂದ ಕೇಳಬಹುದೆಂದು ಕಾನೂನೇ ಹೇಳುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಜಾಣತನವೆಂಬ ಹೆಸರಿರಬಹುದು. ಮುಂದಿನ ತಲೆಮಾರಿಗೆ ಬಗೆದ ಅನ್ಯಾಯವಿದು ಎಂಬುದು ನನ್ನ ಮತ.

ಕಟ್ಟಡ ಮುಪ್ಪಾಗುವಾಗ ಒಳಗಿನವರೂ ಮುಪ್ಪಾಗುತ್ತಾರೆ. ಕೆಡವಿ ಕಟ್ಟಲು ಒಡೆಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಪ್ಪಬೇಕೆಂಬುದು ಬಹುಕಾಲದ ನಿಯಮ. ಭೂಕಂಪವನ್ನು ತಾಳಲಾರದವೇ ಮೊದಲಾದ ಕಟ್ಟಡಗಳಿಗೆ ಇದನ್ನು ನಾಲ್ಕರಲ್ಲಿ ಮೂರಕ್ಕೆ ಇಳಿಸುವ ತಿದ್ದುಪಡಿ 2025ರಲ್ಲಿ ಅಂಗೀಕೃತವಾಯಿತು. ಇದು ಅಗತ್ಯವೇ ಇರಬಹುದು. ಆದರೆ ಎಂಬತ್ತು ದಾಟಿದ ಒಂಟಿ ಮುದುಕಿಗೆ ಹೊಸ ಕಟ್ಟಡಕ್ಕೆ ಕೊಡಲು ಹಣವಿಲ್ಲ, ಅದು ಮುಗಿಯುವ ತನಕ ಬಾಡಿಗೆಯ ಮನೆ ಹುಡುಕುವ ತ್ರಾಣವೂ ಇಲ್ಲ. ಆಕೆ ಬೇಡವೆಂದರೆ ಅದನ್ನು ಹಟವೆನ್ನಲು ನನಗೆ ನಾಲಗೆ ಬಾರದು.

ಒಮ್ಮತ ಎಷ್ಟು ದುರ್ಲಭವೆಂಬುದಕ್ಕೆ ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್ ನಿದರ್ಶನ. ವಾಸ್ತುಶಿಲ್ಪಿ ಕಿಶೊ ಕುರೊಕಾವಾ 1972ರಲ್ಲಿ ನಿರ್ಮಿಸಿದ ಆ ಕಟ್ಟಡದಲ್ಲಿ 140 ಗೂಡುಗಳಿದ್ದುವು. ಹಳತಾದಾಗ ಗೂಡನ್ನು ಕಳಚಿ ಹೊಸದನ್ನು ಜೋಡಿಸಬೇಕೆಂಬುದು ಅವರ ಕನಸು. ಒಂದನ್ನೂ ಬದಲಿಸಲಿಲ್ಲ, ಅದಕ್ಕೆ ಬೇಕಾದ ಹಣವಾಗಲಿ ಒಮ್ಮತವಾಗಲಿ ಕೂಡಿಬರಲಿಲ್ಲ. 2022ರಲ್ಲಿ ಇಡೀ ಕಟ್ಟಡವನ್ನೇ ಬಿಚ್ಚಿದರು.

ಆದುದರಿಂದ ಹಳೆಯ ಮನೆಯನ್ನು ಕೊಳ್ಳುವವನು ಕಿಟಕಿಯಾಚೆಯ ನೋಟಕ್ಕೆ ಮರುಳಾಗುವ ಮುನ್ನ ಒಡೆಯರ ಸಂಘದ ನಡಾವಳಿಯನ್ನೂ ಲೆಕ್ಕಪತ್ರವನ್ನೂ ತರಿಸಿ ಓದಲಿ. ಕೊಂಡ ಮೇಲೆ ಸಭೆಗೆ ತಪ್ಪದೆ ಹೋಗಲಿ. ವಂತಿಗೆ ಏರಿಸಬೇಕೆಂಬ ಮಾತು ಬಂದಾಗ, ಕಷ್ಟವಾದರೂ ಕೈ ಎತ್ತಲಿ. ಅವನೂ ಒಂದು ದಿನ ಆ ಮನೆಯನ್ನು ಬಿಟ್ಟು ಹೋಗುವವನೇ. ತನಗೆ ಹಿಂದಿನವನು ಬಿಟ್ಟುಹೋದುದಕ್ಕಿಂತ ಹಗುರವಾದ ಹೊರೆಯನ್ನು ಮುಂದಿನವನಿಗೆ ಬಿಡುವುದೇ ಗೃಹಸ್ಥಧರ್ಮ.