ಬುತ್ತಿ ಕಟ್ಟಿ ನೀವೂ ಹೊರಡಿರಿ

ಅಕ್ಕಂದಿರೇ, ಬುತ್ತಿ ಕಟ್ಟೂದು ನಮ್ಮ ಪಾಲು, ತಿರುಗಾಡಿ ಬರೂದು ಉಳಿದವರ ಪಾಲು ಎಂಬಂತಾಗಿದೆ. ಈ ಸಲ ನೀವೂ ಹೊರಡಿರಿ. ಗದಗಿನ ಭೀಷ್ಮ ಕೆರೆ ಸಂಜೆಯ ತಿರುಗಾಟಕ್ಕೆ ಸಾಕು. ಮಕ್ಕಳಿಗಾದರೆ ಬಿಂಕದಕಟ್ಟಿಯ ಮೃಗಾಲಯ. ನನ್ನ ಕೇಳಿದರೆ, ಚಳಿಗಾಲಕ್ಕೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯೇ ಸರಿ. ಗದಗಿನಿಂದ 26 ಕಿ.ಮೀ., ಶಿರಹಟ್ಟಿಯಿಂದ ಬರೀ 8. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹೊಲದಲ್ಲಿ ಮೇಯ್ದು, ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸುತ್ತವೆ. ನಮಗಿಲ್ಲದ ಭಾಗ್ಯ ನೋಡಿರಿ! 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹುಡುಗರು ಕಲ್ಲೊಗೆಯದಂತೆ, ಗದ್ದಲ ಮಾಡದಂತೆ ನೋಡಿಕೊಳ್ಳಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಹಿಂದಿನ ದಿನವೇ ಬಡಿದಿಟ್ಟರೆ ಹೊರಡುವ ಮುಂಜಾನೆ ಒಲೆ ಮುಂದೆ ಕೂರೂದು ತಪ್ಪುತ್ತದೆ.